ಚಿಕ್ಕ ಎಂಜಿನ್ನಿಗೆ ದೊಡ್ಡ ಕಾರ್ಬ್ಯುರೇಟರು

ಹಳೆಯ ಮೋಟಾರು ಬಂಡಿಯನ್ನು ಮನೆಯಲ್ಲಿಟ್ಟು ಸಾಕುವುದು ಮುದಿ ಹಸುವನ್ನು ಸಾಕಿದಂತೆಯೇ ಸರಿ. ಲೆಕ್ಕ ಬರೆದು ನೋಡಿದರೆ ಲಾಭವೆಂಬುದಿಲ್ಲ. ಆದರೂ ಕೊಟ್ಟಿಗೆಯಿಂದ ಹೊರಡಿಸಲು ಮನಸ್ಸು ಬಾರದು. ಇಂತಹ ಬಂಡಿಯುಳ್ಳ ಮನೆಗಳಲ್ಲಿ ಒಂದಲ್ಲ ಒಂದು ದಿನ ಒಂದು ಮಾತು ಹುಟ್ಟಿಯೇ ಹುಟ್ಟುವುದು: "ಇದಕ್ಕೊಂದು ದೊಡ್ಡ ಕಾರ್ಬ್ಯುರೇಟರು ಹಾಕಿಬಿಟ್ಟರೆ ಇನ್ನೂ ಚೆನ್ನಾಗಿ ಓಡೀತು." ಸಾಧಾರಣವಾಗಿ ಈ ಮಾತನ್ನಾಡುವವನು ಮನೆಯ ಮಗ, ಕೇಳಿ ಹುಬ್ಬು ಗಂಟಿಕ್ಕುವವರು ಹಿರಿಯರು. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಕಣ್ಣಾರೆ ಕಾಣುವ ಅವಕಾಶವು ಕಳೆದ ಬೇಸಗೆಯಲ್ಲಿ ನಮಗೊದಗಿತು. ಯಂತ್ರಶಾಸ್ತ್ರದಲ್ಲಿ ನಾವು ಪಂಡಿತರಲ್ಲ. ಆದರೂ ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ವಾಚಕರ ಮುಂದಿಡುವುದು ಅಪ್ರಯೋಜಕವಾಗಲಾರದೆಂದು ನಂಬಿದ್ದೇವೆ.

ನಮ್ಮ ಅಕ್ಕನವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನೆಲಸಿ ಐವತ್ತು ವರ್ಷಗಳಾದುವು. ಅಲ್ಲಿಗೆ ಹೋದ ಹೊಸದರಲ್ಲಿ, ಪಾಠಶಾಲೆಯ ಕೆಲಸಕ್ಕೆ ಹೋಗಿಬರಲೆಂದು, ಒಂದು ಹಳೆಯ ಮಾರಿಸ್ ಮೈನರ್ ಬಂಡಿಯನ್ನು ಕೊಂಡುಕೊಂಡರು. ೧೯೫೯ರಲ್ಲಿ ತಯಾರಾದ ಬಂಡಿ. ಬೂದು ಬಣ್ಣ, ದುಂಡನೆಯ ಮೈ. ಅವರ ಮಕ್ಕಳಿಬ್ಬರೂ ಅದರ ಹಿಂದಿನ ಪೀಠದಲ್ಲಿಯೇ ಬೆಳೆದರೆಂದು ಹೇಳಬಹುದು. ಈಗ ಮಗಳು ಬ್ರಿಸ್ಟಲ್ಲಿನ ಸಮೀಪದಲ್ಲಿ ಸಂಸಾರವಂದಿಗಳಾಗಿದ್ದಾಳೆ. ಆ ಊರಿಗೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳು ಸಹ ಗಂಟೆಗೆ ೫೬ ಮೈಲಿಯ ವೇಗದಲ್ಲಿ ಬೆನ್ನು ಹತ್ತಿ ಬರುವುವು. ಏರುದಾರಿ ಬಂದಲ್ಲಿ ನಮ್ಮ ಅಕ್ಕನವರ ಬಂಡಿಯು ೪೦ಕ್ಕೆ ಇಳಿಯುವುದು. ಹಿಂದೆ ಬರುವ ಲಾರಿಯ ಮುಖವು ಕನ್ನಡಿಯ ತುಂಬ ಕಾಣುವುದು. "ಇದರಲ್ಲಿ ಮಗಳ ಮನೆಗೆ ಹೋಗಿಬರಲು ಸಾಧ್ಯವಾದರೆ ಇಟ್ಟುಕೊಳ್ಳೋಣ, ಇಲ್ಲವಾದರೆ ಮಾರಿಬಿಡೋಣ" ಎಂದು ಭಾವನವರು ತೀರ್ಪು ಕೊಟ್ಟಿದ್ದರು. ಅದನ್ನು ಕೇಳಿ ನಮ್ಮ ಸೋದರಳಿಯನು ದೊಡ್ಡ ಕಾರ್ಬ್ಯುರೇಟರಿನ ಮಾತನ್ನೆತ್ತಿದನು. ಹೀಗೆ ಒಂದು ಬಂಡಿ ಮನೆಯಲ್ಲಿ ಉಳಿಯುವುದೋ ಹೋಗುವುದೋ ಎಂಬುದು ಅಂಗೈಯಷ್ಟು ದೊಡ್ಡದಾದ ಒಂದು ಸಾಧನದ ಮೇಲೆ ನಿಂತಿತು.

ಮೈನರ್ ಬಂಡಿಯ ವಿಷಯವಾಗಿ ಎರಡು ಮಾತು. ಇದನ್ನು ರೂಪಿಸಿದವನು ಅಲೆಕ್ ಇಸಿಗೋನಿಸ್ ಎಂಬ ಪ್ರಸಿದ್ಧ ಶಿಲ್ಪಿ. ೧೯೪೮ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಮಾರಿಸ್ ಮತ್ತು ಆಸ್ಟಿನ್ ಕಂಪನಿಗಳು ಒಂದಾದ ೧೯೫೨ರಲ್ಲಿ ಇದಕ್ಕೆ ಆಸ್ಟಿನ್ನಿನವರ 'ಎ' ಮಾಲೆಯ ೮೦೩ ಘನ ಸೆಂಟಿಮೀಟರಿನ ಎಂಜಿನ್ನು ಬಂತು. ೧೯೫೬ರಲ್ಲಿ ಅದು ೯೪೮ಕ್ಕೆ, ೧೯೬೨ರಲ್ಲಿ ೧,೦೯೮ಕ್ಕೆ ಬೆಳೆಯಿತು. ನಮ್ಮ ದೇಶದಲ್ಲಿಯೂ ಉತ್ತರಪಾಡಾದ ಹಿಂದೂಸ್ಥಾನ್ ಮೋಟಾರ್ಸ್‌ನವರು ಇದೇ ಬಂಡಿಯನ್ನು 'ಬೇಬಿ ಹಿಂದೂಸ್ಥಾನ್' ಎಂಬ ಹೆಸರಿನಿಂದ ಕೆಲವು ಕಾಲ ಮಾರಿದರು. ಬೆಂಗಳೂರಿನಲ್ಲಿ ಹಳೆಯ ಬಂಡಿಗಳ ಮೆರವಣಿಗೆ ಹೊರಟಾಗ ಮೈನರುಗಳನ್ನು ಕಂಡ ನೆನಪು ವಾಚಕರಲ್ಲಿ ಕೆಲವರಿಗಾದರೂ ಇದ್ದೀತು. ಅಕ್ಕನವರ ಬಂಡಿಯದು ೯೪೮ರ ಎಂಜಿನ್ನು. ಹೊಸದಾಗಿದ್ದಾಗ ಅದರ ಬಲವು ೩೭ ಅಶ್ವಶಕ್ತಿ.

ಇನ್ನು ಕಾರ್ಬ್ಯುರೇಟರೆಂದರೇನು? ಪೆಟ್ರೋಲು ದ್ರವರೂಪದಲ್ಲಿ ಸರಿಯಾಗಿ ಉರಿಯದು. ಅದು ಗಾಳಿಯೊಡನೆ ಸೂಕ್ಷ್ಮ ಹನಿಗಳಾಗಿ, ಆವಿಯಾಗಿ ಬೆರೆಯಬೇಕು. ಬೆರೆಯುವ ಪ್ರಮಾಣವೂ ಸರಿಯಾಗಿರಬೇಕು. ಒಂದು ತೂಕ ಪೆಟ್ರೋಲಿಗೆ ಸುಮಾರು ಹದಿನಾಲ್ಕೂಮುಕ್ಕಾಲು ತೂಕ ಗಾಳಿಯಿದ್ದರೆ ಎರಡೂ ಮಿಗದಂತೆ ಉರಿಯುತ್ತವೆ. ಬಂಡಿಯು ಏರನ್ನು ಹತ್ತುವಾಗ, ಪೂರ್ಣ ಬಲ ಬೇಕಾದಾಗ, ಪೆಟ್ರೋಲು ಇನ್ನೂ ಸ್ವಲ್ಪ ಹೆಚ್ಚಾಗಿರಬೇಕು. ಆಗ ಹದಿಮೂರಕ್ಕೊಂದು, ಹನ್ನೆರಡೂವರೆಗೊಂದು ಎಂಬ ಲೆಕ್ಕ. ಈ ಬೆರಕೆಯನ್ನು ಕ್ಷಣಕ್ಷಣಕ್ಕೂ ಅಳೆದು ಒದಗಿಸುವ ಅಡಿಗೆಯವನೇ ಕಾರ್ಬ್ಯುರೇಟರು.

ಮೈನರಿನಲ್ಲಿರುವುದು 'ಎಸ್.ಯು.' ಎಂಬ ಜಾತಿಯದು. ನಮ್ಮ ಊರುಗಳ ಹಳೆಯ ಮೆಕ್ಯಾನಿಕ್ಕುಗಳಿಗೂ ಇದು ಅಂಬಾಸಿಡರ್ ಬಂಡಿಯಿಂದ ಪರಿಚಿತವಾದುದೇ. ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಎಂಬವನೂ ಅವನ ಸಹೋದರನೂ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ಕಲ್ಪಿಸಿದರು, ೧೯೧೦ರಲ್ಲಿ 'ಸ್ಕಿನ್ನರ್ಸ್ ಯೂನಿಯನ್' ಕಂಪನಿಯು ಹುಟ್ಟಿತು, ಎಸ್.ಯು. ಎಂಬುದು ಅದರ ಮೊದಲಕ್ಷರಗಳು. ಸ್ಕಿನ್ನರರ ಮನೆತನವು ಪಾದರಕ್ಷೆಗಳ ವ್ಯಾಪಾರದಲ್ಲಿ ಹೆಸರಾದುದು. ಆದುದರಿಂದಲೋ ಏನೋ, ಮೊದಮೊದಲ ಎಸ್.ಯು.ಗಳಲ್ಲಿ ಚರ್ಮದ ತಿದಿಯಿತ್ತು! ಚರ್ಮವು ಹೋಗಿ ಲೋಹದ ಪಿಸ್ಟನ್ನು ಬಂದದ್ದು ಆಮೇಲೆ.

ಇದರ ಕೆಲಸವು ಗೃಹಿಣಿಯರಿಗೆ ಬೇಗನೆ ಅರ್ಥವಾಗತಕ್ಕದ್ದು. ಒಲೆಯ ಮೇಲೆ ಅನ್ನ ಬೇಯುತ್ತಿರುವಾಗ ಪಾತ್ರೆಯ ಮುಚ್ಚಳವನ್ನು ನೋಡಿರಿ. ಹಬೆ ಕಡಿಮೆಯಿದ್ದರೆ ಮುಚ್ಚಳವು ಸ್ವಲ್ಪವೇ ಏಳುವುದು; ಹಬೆ ಹೆಚ್ಚಿದರೆ ಹೆಚ್ಚಾಗಿ ಏಳುವುದು; ಆದರೆ ಒಳಗಿನ ಒತ್ತಡವು ಮುಚ್ಚಳದ ತೂಕಕ್ಕೆ ಎಷ್ಟು ಬೇಕೋ ಅಷ್ಟೇ ಇರುವುದು. ಎಸ್.ಯು.ವಿನಲ್ಲಿ ಒತ್ತುವುದರ ಬದಲು ಹೀರುವುದಿದೆ, ಅಷ್ಟೇ ಭೇದ. ಎಂಜಿನ್ನು ಗಾಳಿಯನ್ನು ಹೀರಿದಂತೆ ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ನು ಮೇಲೇಳುತ್ತದೆ (ಎಂಜಿನ್ನಿನ ಪಿಸ್ಟನ್ನುಗಳು ಬೇರೆ; ಇದನ್ನು ನಾವು ಗಾಳಿಪಿಸ್ಟನ್ನೆಂದು ಕರೆಯೋಣ). ಅದರ ತಳಕ್ಕೆ ಒಂದು ಸೂಜಿಯನ್ನು ಸಿಕ್ಕಿಸಿದೆ. ಸೂಜಿಯು ತುದಿಯತ್ತ ಸಣ್ಣಗಾಗುತ್ತ ಹೋಗಿ, ಜೆಟ್ ಎಂಬ ಪೆಟ್ರೋಲಿನ ಕಿರುನಳಿಗೆಯೊಳಕ್ಕೆ ಇಳಿದಿರುವುದು. ಗಾಳಿಪಿಸ್ಟನ್ನು ಎದ್ದಷ್ಟೂ ಸೂಜಿಯ ಸಣ್ಣ ಭಾಗವು ನಳಿಗೆಯ ಬಾಯಿಗೆ ಬರುವುದು. ಸುತ್ತಲೂ ಸಂದು ಹೆಚ್ಚುವುದು. ಪೆಟ್ರೋಲು ಹೆಚ್ಚಾಗಿ ಹೊರಡುವುದು. ಗಾಳಿಪಿಸ್ಟನ್ನು ಒಮ್ಮೆಗೇ ಜಿಗಿಯದಂತೆ ಮೇಲಣ ಕೊಳವೆಯಲ್ಲಿ ಸ್ವಲ್ಪ ತೆಳುವಾದ ಎಣ್ಣೆಯನ್ನು ಹಾಕಿರುವರು. ಇಷ್ಟೇ. ಇಷ್ಟು ಸರಳವಾದುದರಿಂದಲೇ ನೂರು ವರ್ಷಕ್ಕೂ ಮೀರಿ ಬಾಳಿತು. ಇಂದಿಗೂ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಇದರ ಬಿಡಿಭಾಗಗಳು ತಯಾರಾಗುತ್ತವೆ.

ಎಸ್.ಯು.ಗಳ ಅಳತೆಯನ್ನು ಹೆಸರಿನಿಂದಲೇ ತಿಳಿಯಬಹುದು. ಹೆಸರಿನ ಕೊನೆಯ ಅಂಕೆಯು ಒಂದು ಅಂಗುಲಕ್ಕೆ ಮೇಲೆ ಅಂಗುಲದ ಎಂಟನೆಯ ಒಂದು ಪಾಲುಗಳು ಎಷ್ಟು ಎಂಬುದನ್ನು ತೋರಿಸುವುದು. ಎಚ್-೨ ಎಂದರೆ ಒಂದೂಕಾಲು ಅಂಗುಲದ ಕಂಠ, ಎಚ್.ಎಸ್.-೪ ಎಂದರೆ ಒಂದೂವರೆ ಅಂಗುಲ. ಅಕ್ಕನವರ ಬಂಡಿಯಲ್ಲಿದ್ದುದು ಎಚ್-೨. ಸೋದರಳಿಯನು ಹಳೆಯ ಸಾಮಾನಿನ ಸಂತೆಯಿಂದ ತಂದದ್ದು ಎಚ್.ಎಸ್.-೪, ಇದು ಅದೇ 'ಎ' ಮಾಲೆಯ, ಆದರೆ ೧,೨೭೫ ಘನ ಸೆಂಟಿಮೀಟರಿನ ಎಂಜಿನ್ನುಳ್ಳ ೧೩೦೦ ಬಂಡಿಗಳಲ್ಲಿ ಇರುತ್ತಿದ್ದುದು. ಕಾಲು ಅಂಗುಲದ ವ್ಯತ್ಯಾಸವೇನು ಮಹಾ ಎನ್ನಬಹುದು. ಆದರೆ ಗಾಳಿಗೆ ಬೇಕಾದದ್ದು ವ್ಯಾಸವಲ್ಲ, ವಿಸ್ತೀರ್ಣ. ಒಂದೂವರೆ ಅಂಗುಲದ ವೃತ್ತವು ಒಂದೂಕಾಲು ಅಂಗುಲದ ವೃತ್ತಕ್ಕಿಂತ ನೂರಕ್ಕೆ ನಲವತ್ತನಾಲ್ಕು ಪಾಲು ದೊಡ್ಡದು. "ಮಾಮ, ನಲವತ್ತನಾಲ್ಕು ಪಾಲು ಹೆಚ್ಚು ಗಾಳಿ!" ಎಂದು ಸೋದರಳಿಯನು ಕೈ ತಟ್ಟಿಕೊಂಡನು.

ಇಲ್ಲಿಯೇ ತಪ್ಪು ತಿಳಿವಳಿಕೆಯ ಬೇರಿರುವುದು. ಕಾರ್ಬ್ಯುರೇಟರು ಗಾಳಿಯನ್ನು ಎಂಜಿನ್ನಿನೊಳಕ್ಕೆ ತುರುಕುವ ಸಾಧನವಲ್ಲ. ಅದು ಬರಿಯ ಬಾಗಿಲು. ಹೀರುವುದು ಎಂಜಿನ್ನು. ಹೆಬ್ಬಾಗಿಲನ್ನು ಅಗಲಿಸಿದ ಮಾತ್ರಕ್ಕೆ ನಡುಮನೆಯು ದೊಡ್ಡದಾದೀತೇ? ೯೪೮ ಘನ ಸೆಂಟಿಮೀಟರಿನ ನಾಲ್ಕು ಹೊಡೆತದ ಎಂಜಿನ್ನು ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿಯನ್ನೆಳೆಯುವುದು. ನಿಮಿಷಕ್ಕೆ ೪,೭೫೦ ಸುತ್ತುಗಳಲ್ಲಿ, ಅಂದರೆ ಅದರ ಪರಮಾವಧಿ ಬಲದ ವೇಗದಲ್ಲಿ, ಲೆಕ್ಕದ ಪ್ರಕಾರ ಸುಮಾರು ೨,೨೫೦ ಲೀಟರು. ವಾಸ್ತವವಾಗಿ ಹೊಟ್ಟೆ ಪೂರ್ತಿ ತುಂಬುವುದಿಲ್ಲವಾದುದರಿಂದ ಇನ್ನೂ ಕಡಿಮೆ. ಈ ಬಂಡಿಯು ಮೇಲಣ ಗೇರಿನಲ್ಲಿ ಸಾವಿರ ಸುತ್ತಿಗೆ ಸುಮಾರು ೧೫ ಮೈಲಿಯ ವೇಗವನ್ನು ಕೊಡುವುದು. ಆದಕಾರಣ ೫೦ ಮೈಲಿಯ ವೇಗದಲ್ಲಿ ಎಂಜಿನ್ನು ೩,೩೦೦ ಸುತ್ತುಗಳ ಆಸುಪಾಸಿನಲ್ಲಿಯೇ ಇರುವುದು. ಬೇಕಾಗುವ ಗಾಳಿಯೂ ಪರಮಾವಧಿಯ ಮೂರರಲ್ಲಿ ಎರಡು ಪಾಲು ಮಾತ್ರ. ಅಷ್ಟಕ್ಕೆ ಹಳೆಯ ಬಾಗಿಲೇ ಧಾರಾಳವಾಗಿ ಸಾಕು.

ಅಲ್ಲದೆ, ಬಾಗಿಲನ್ನು ದಾಟಿದ ಗಾಳಿಯು ಮುಂದೆ ಹಾಯಬೇಕಾದ ಹಾದಿಯನ್ನೂ ನೋಡಬೇಕು. ಈ ಎಂಜಿನ್ನಿನ ತಲೆಯಲ್ಲಿ ನಾಲ್ಕು ಸಿಲಿಂಡರುಗಳಿಗೂ ಸೇರಿ ಗಾಳಿ ಒಳಬರುವ ರಂಧ್ರಗಳು ಎರಡೇ. ಎರಡೆರಡು ಸಿಲಿಂಡರುಗಳು ಒಂದೊಂದನ್ನು ಹಂಚಿಕೊಳ್ಳುತ್ತವೆ. ಆಮೇಲೆ ಬರುವುದು ವಾಲ್ವು. ಅದರ ತಲೆಯ ವ್ಯಾಸವು ೨೮ ಮಿಲಿಮೀಟರಿಗೂ ಮೀರದು, ಎಂದರೆ ಹಳೆಯ ಕಾರ್ಬ್ಯುರೇಟರಿನ ಕಂಠಕ್ಕಿಂತಲೂ ಚಿಕ್ಕದು! ಮನೆಯೊಳಗಿನ ಕೋಣೆಯ ಬಾಗಿಲು ಇಷ್ಟು ಕಿರಿದಾಗಿರುವಾಗ ಬೀದಿಬಾಗಿಲನ್ನು ಅಗಲಿಸುವುದರಿಂದ ಎಷ್ಟರ ಪ್ರಯೋಜನ ಎಂಬುದನ್ನು ವಾಚಕರೇ ಊಹಿಸಬಹುದು.

ಇದಕ್ಕೆ ಕಾರ್ಖಾನೆಯವರದೇ ಒಂದು ಸಾಕ್ಷಿಯುಂಟು. ೧೯೫೮ರಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್ ಎಂಬ ಪುಟ್ಟ ಓಟದ ಬಂಡಿಯು ಹೊರಟಿತು. ಅದರ ಎಂಜಿನ್ನು ಮೈನರಿನದೇ, ೯೪೮. ನುರಿತ ಇಂಜಿನಿಯರುಗಳು ಅದಕ್ಕೆ ಒಂದರ ಬದಲು ಎರಡು ಕಾರ್ಬ್ಯುರೇಟರುಗಳನ್ನು ಹೂಡಿದರು. ವಾಲ್ವುಗಳ ಸ್ಪ್ರಿಂಗುಗಳನ್ನು ಬಿಗಿ ಮಾಡಿದರು. ವಾಲ್ವುಗಳ ಲೋಹವನ್ನೂ ಉತ್ತಮಪಡಿಸಿದರು. ಇಷ್ಟೆಲ್ಲ ಮಾಡಿ ೩೭ ಅಶ್ವಶಕ್ತಿಯು ೪೩ರ ಸುಮಾರಿಗೆ ಏರಿತು. ಆರು ಕುದುರೆಗಳು! ಸಂತೆಯಿಂದ ತಂದ ಒಂದೇ ಕಾರ್ಬ್ಯುರೇಟರು ಅದಕ್ಕಿಂತ ಹೆಚ್ಚನ್ನು ಕೊಡುವುದೆಂದು ನಂಬುವುದಕ್ಕೆ ಯೌವನವೇ ಬೇಕು.

ಸೋದರಳಿಯನಲ್ಲಿ ಅದು ಧಾರಾಳವಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಕೆಲಸಕ್ಕೆ ಕೈಯಿಟ್ಟನು. ಮೊದಲು ಕಂಡ ತೊಡಕೇನೆಂದರೆ, ದೊಡ್ಡದರ ಬಾಯಿಯು ಹಳೆಯ ಕವಲುಕೊಳವೆಗೆ ಕೂಡಲಿಲ್ಲ. ಮ್ಯಾನಿಫೋಲ್ಡ್ ಎಂಬ ಈ ಕವಲುಕೊಳವೆಯೇ ಕಾರ್ಬ್ಯುರೇಟರಿನಿಂದ ಎಂಜಿನ್ನಿನ ಎರಡು ರಂಧ್ರಗಳಿಗೆ ಬೆರಕೆಯನ್ನು ಒಯ್ಯುವುದು. ಒಂದೂವರೆ ಅಂಗುಲದ ಕಂಠವನ್ನು ಒಂದೂಕಾಲು ಅಂಗುಲದ ಕೊಳವೆಗೆ ತಗುಲಿಸಿದರೆ ನಡುವೆ ಮೆಟ್ಟಿಲಾಗಿ ಗಾಳಿಯು ಎಡವುವುದು. ಆದುದರಿಂದ ದೊಡ್ಡ ಬಾಯಿಯ ಅಲ್ಯೂಮಿನಿಯಂ ಕೊಳವೆಯೊಂದನ್ನೂ ತಂದಿದ್ದನು. ಹಳೆಯ ಕೊಳವೆಯು ಹೊಗೆಯ ಕೊಳವೆಗೆ ತಾಗಿಕೊಂಡಿದ್ದು, ಅದರ ಶಾಖದಿಂದ ಪೆಟ್ರೋಲು ಬೇಗನೆ ಆವಿಯಾಗುತ್ತಿತ್ತು; ಹೊಸದಕ್ಕೆ ಆ ಬಿಸಿಯಿಲ್ಲ. ತಣ್ಣನೆಯ ಬೆಳಗಿನಲ್ಲಿ ಅದರ ಗೋಡೆಗೆ ಪೆಟ್ರೋಲು ಹನಿಗಟ್ಟುವುದು. ಎರಡನೆಯ ತೊಡಕು ಪೆಟ್ರೋಲಿನ ಬಟ್ಟಲಿನದು. ಕಾರ್ಬ್ಯುರೇಟರಿನ ಪಕ್ಕದಲ್ಲಿರುವ ಈ ಬಟ್ಟಲು ನೆಟ್ಟಗೆ ನಿಲ್ಲಬೇಕು. ಬೇರೊಂದು ಬಂಡಿಯಿಂದ ಕಳಚಿ ತಂದದ್ದರಲ್ಲಿ ಅದು ಆ ಬಂಡಿಯ ಓರೆಗೆ ತಕ್ಕಂತೆ ವಾಲಿತ್ತು. ಓರೆಯನ್ನು ಸರಿಪಡಿಸುವ ಬಿರಡೆಯನ್ನು ತರಿಸಲು ನಾಲ್ಕು ದಿನ ಹಿಡಿಯಿತು.

ಮೂರನೆಯದು ತೊಡಕಲ್ಲ, ತಪ್ಪು. ನಮ್ಮ ಸೋದರಳಿಯನು ಹಳೆಯ ಕಾರ್ಬ್ಯುರೇಟರಿನ ಸೂಜಿಯನ್ನು ತೆಗೆದು ಹೊಸದರಲ್ಲಿಟ್ಟನು. "ಇದು ಈ ಎಂಜಿನ್ನಿಗೆ ಒಗ್ಗಿದ ಸೂಜಿ" ಎಂಬುದು ಅವನ ತರ್ಕ. ಜಾಣತನದ ಮಾತಿನಂತೆಯೇ ತೋರುವುದು. ಆದರೆ ಮುಚ್ಚಳದ ಉಪಮಾನವನ್ನು ವಾಚಕರು ನೆನೆಯಬೇಕು. ಪಾತ್ರೆಯ ಬಾಯಿ ಅಗಲವಾದರೆ ಅಷ್ಟೇ ಹಬೆಗೆ ಮುಚ್ಚಳವು ಕಡಿಮೆ ಏಳುವುದು. ಹಾಗೆಯೇ ದೊಡ್ಡ ಕಾರ್ಬ್ಯುರೇಟರಿನಲ್ಲಿ ಅದೇ ಗಾಳಿಗೆ ಗಾಳಿಪಿಸ್ಟನ್ನು ಮೊದಲಿನಷ್ಟು ಎತ್ತರಕ್ಕೆ ಏಳುವುದಿಲ್ಲ. ಹಿಂದಿನ ಎತ್ತರದ ಆರರಲ್ಲಿ ಐದು ಪಾಲು ಎಂದು ಸ್ಥೂಲವಾಗಿ ಹೇಳಬಹುದು. ಹಾಗಾದರೆ ನಳಿಗೆಯ ಬಾಯಲ್ಲಿ ನಿಲ್ಲುವುದು ಸೂಜಿಯ ಹೆಚ್ಚು ದಪ್ಪನೆಯ ಭಾಗ. ಗಾಳಿ ಅಷ್ಟೇ, ಪೆಟ್ರೋಲು ಕಡಿಮೆ. ಅಕ್ಕನವರು ಇದನ್ನು ಕೇಳಿ, "ಡಿಕಾಕ್ಷನ್ನು ಅಷ್ಟೇ ಇಟ್ಟುಕೊಂಡು ಲೋಟ ಮಾತ್ರ ದೊಡ್ಡದು ಮಾಡಿದೆಯೇನೋ?" ಎಂದರು. ಇದಕ್ಕಿಂತ ಸ್ಪಷ್ಟವಾಗಿ ನಾವು ಹೇಳಲಾರೆವು.

ಬಂಡಿಯು ಹೊರಟಿತು, ಆದರೆ ಹೊರಟ ರೀತಿಯನ್ನು ಏನು ಹೇಳೋಣ! ಪೆಡಲನ್ನು ಒತ್ತಿದೊಡನೆ ತಡವರಿಸುವುದು, ಕಾರ್ಬ್ಯುರೇಟರಿನೊಳಗಿಂದ ಕೆಮ್ಮುವುದು, ಏರಿನಲ್ಲಿ ಹಿಂದಿಗಿಂತಲೂ ಮೊದಲೇ ಸೋಲುವುದು. ಹತ್ತು ಮೈಲಿ ಓಡಿಸಿ ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಸುಣ್ಣ ಬಳಿದಂತೆ ಬಿಳುಪು. ಬೆರಕೆಯು ಸರಿಯಾಗಿದ್ದರೆ ಅವು ಬಿಸ್ಕತ್ತಿನಂತಹ ಕಂದು ಬಣ್ಣಕ್ಕಿರಬೇಕು. ಮಸಿಯಾಗಿದ್ದರೆ ಪೆಟ್ರೋಲು ಹೆಚ್ಚೆಂದು ಅರ್ಥ. ಬಿಳುಪು ಅಪಾಯದ ಗುರುತು. ಪೆಟ್ರೋಲು ಸಾಲದ ಬೆರಕೆಯು ನಿಧಾನವಾಗಿ ಉರಿಯುತ್ತದೆ. ವಾಲ್ವು ತೆರೆಯುವ ಹೊತ್ತಿಗೂ ಉರಿ ಆರಿರುವುದಿಲ್ಲ. ವಾಲ್ವಿನ ಅಂಚು ಸುಡುವುದು, ಹೆಚ್ಚಿದರೆ ಪಿಸ್ಟನ್ನಿನ ತಲೆಗೇ ತೂತು ಬೀಳುವುದು. ಹೆಚ್ಚು ಪೆಟ್ರೋಲು ಕುಡಿಯುವ ಎಂಜಿನ್ನು ಹಣವನ್ನು ತಿಂದೀತು. ಕಡಿಮೆ ಕುಡಿಯುವ ಎಂಜಿನ್ನು ತನ್ನನ್ನೇ ತಿಂದುಕೊಳ್ಳುವುದು.

ಈ ಸಂಬಂಧದಲ್ಲಿ ಇಂದಿನ ಪೆಟ್ರೋಲಿನ ಮಾತನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ ೨೦೨೧ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೂ ಎಥನಾಲ್ ಎಂಬ ಮದ್ಯಸಾರವನ್ನು ಬೆರಸುವರು; ನಮ್ಮ ದೇಶದಲ್ಲಿ ೨೦೨೫ರ ವೇಳೆಗೆ ಅದು ನೂರಕ್ಕೆ ಇಪ್ಪತ್ತಾಯಿತು. ಎಥನಾಲಿಗೆ ಪೆಟ್ರೋಲಿನಷ್ಟು ಗಾಳಿ ಬೇಡ. ಒಂದು ತೂಕಕ್ಕೆ ಒಂಬತ್ತು ತೂಕ ಸಾಕು. ಆದಕಾರಣ ೧೯೫೯ರ ಸೂಜಿಯಿಂದ ಅಳೆದ ಇಂದಿನ ಪೆಟ್ರೋಲು ಆಗಿನ ಲೆಕ್ಕಕ್ಕಿಂತ ತೆಳುವಾದ ಬೆರಕೆಯನ್ನೇ ಕೊಡುವುದು. ಹಳೆಯ ರಬ್ಬರು ಕೊಳವೆಗಳನ್ನು ಅದು ಒಳಗಿನಿಂದ ಕೆಡಿಸುವುದೂ ಉಂಟು. ಹಳೆಯ ಬಂಡಿಯುಳ್ಳವರು ಕಾರ್ಬ್ಯುರೇಟರನ್ನು ಬದಲಿಸಲಿ ಬಿಡಲಿ, ಈ ಕೊಳವೆಗಳನ್ನಂತೂ ಎಥನಾಲನ್ನು ತಾಳುವ ಹೊಸವಕ್ಕೆ ಬದಲಿಸಿಕೊಳ್ಳಬೇಕು. ಮೈನರಿನಲ್ಲಿ ಕಾರ್ಬ್ಯುರೇಟರಿನ ಕೆಳಗೇ ಕೆಂಡದಂತೆ ಕಾಯುವ ಹೊಗೆಯ ಕೊಳವೆಯಿದೆ. ಪೆಟ್ರೋಲನ್ನು ತಳ್ಳುವುದು ವಿದ್ಯುತ್ತಿನ ಪಂಪು. ಬಟ್ಟಲಿನ ತಡೆ ಕಚ್ಚಿಕೊಂಡರೆ ಎಂಜಿನ್ನು ನಿಂತಿದ್ದರೂ, ಕೀಲಿ ತಿರುಗಿಸಿದ್ದಷ್ಟು ಹೊತ್ತು ಪೆಟ್ರೋಲು ಉಕ್ಕುತ್ತಲೇ ಇರುವುದು. ಉಕ್ಕಿದ್ದನ್ನು ದೂರ ಒಯ್ದು ಬಿಡುವ ಸಣ್ಣ ಕೊಳವೆಯನ್ನು 'ಇದೇನು ಮಹಾ' ಎಂದು ಬಿಟ್ಟುಬಿಡುವವರಿದ್ದಾರೆ. ಪೆಡಲನ್ನು ಬಿಟ್ಟೊಡನೆ ಗಾಳಿಯ ಕದವನ್ನು ಮುಚ್ಚುವ ಸ್ಪ್ರಿಂಗಿನ ವಿಷಯವೂ ಹಾಗೆಯೇ. ಹೊಸ ಕಾರ್ಬ್ಯುರೇಟರಿಗೆ ಹಳೆಯ ಸರಳುಗಳನ್ನು ಹೇಗೋ ಬಾಗಿಸಿ ಕೂಡಿಸಿದಲ್ಲಿ ಕದವು ತೆರೆದೇ ನಿಲ್ಲಬಹುದು. ಅಂತಹ ಬಂಡಿಯನ್ನು ಬೀದಿಗಿಳಿಸಿದವನು ಇತರರ ಪ್ರಾಣದೊಡನೆ ಆಟವಾಡಿದಂತೆ.

ತಕ್ಕ ಸೂಜಿಯು ಬಂತು. ಹುಡುಗನು ಬೆರಕೆಯನ್ನು ಕ್ರಮವಾಗಿ ಪರೀಕ್ಷಿಸಿದನು. ಎಂಜಿನ್ನು ಬಿಸಿಯಾದ ಮೇಲೆ, ಮೆಲ್ಲಗೆ ತಿರುಗುತ್ತಿರುವಾಗ, ಗಾಳಿಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆಯೇ ಎತ್ತಿ ನೋಡುವುದು ಇದರ ಕ್ರಮ. ಎಂಜಿನ್ನಿನ ವೇಗವು ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು. ಎಂಜಿನ್ನು ಕುಸಿದರೆ ಕಡಿಮೆ. ಒಂದು ಕ್ಷಣ ತುಸು ಏರಿ ಮೊದಲಿನಂತಾದರೆ ಸರಿ. ತಡವರಿಕೆ ನಿಂತಿತು, ಕೆಮ್ಮೂ ನಿಂತಿತು. ಆದರೆ ಹೆದ್ದಾರಿಯ ಏರಿನಲ್ಲಿ ೪೦ ಎಂಬುದು ೪೨ ಆಯಿತೇ ಹೊರತು ಹೆಚ್ಚೇನೂ ಆಗಲಿಲ್ಲ. ಹುಡುಗನ ಮುಖವು ಬಾಡಿತು. ಭಾವನವರು ಬಂಡಿಯನ್ನು ಮಾರುವ ಜಾಹೀರಾತಿನ ಮಾತುಗಳನ್ನು ಕಾಗದದ ಮೇಲೆ ಬರೆದೇ ಇಟ್ಟರು.

ಆಗ ಅಕ್ಕನವರು ಒಂದು ಪ್ರಶ್ನೆಯನ್ನು ಕೇಳಿದರು. "ನಾನು ಇದನ್ನು ಕೊಂಡಾಗ ಇದೇ ಕಾರ್ಬ್ಯುರೇಟರಿನಲ್ಲಿ, ನಾಲ್ಕು ಜನ ಕೂತು, ವೇಲ್ಸಿನ ಬೆಟ್ಟಗಳನ್ನು ಹತ್ತಿದ್ದೇವೆ. ಆಗ ಹತ್ತಿದ್ದು ಈಗ ಯಾಕೆ ಹತ್ತುವುದಿಲ್ಲ? ಅದನ್ನು ಮೊದಲು ನೋಡಬಾರದೆ?" ನಮ್ಮೆಲ್ಲರ ಲೆಕ್ಕಾಚಾರಗಳಲ್ಲಿ ಯಾರಿಗೂ ಹೊಳೆಯದಿದ್ದ ಪ್ರಶ್ನೆಯಿದು. ದೊಡ್ಡ ಕಾರ್ಬ್ಯುರೇಟರನ್ನು ಬಯಸುವವರಲ್ಲಿ ಎಷ್ಟೋ ಮಂದಿ ನಿಜವಾಗಿ ಬಯಸುವುದು ತಮ್ಮ ಎಂಜಿನ್ನು ಕಾಲಕ್ರಮದಲ್ಲಿ ಕಳೆದುಕೊಂಡ ಬಲವನ್ನೇ ಎಂದು ನಮಗೀಗ ತೋರುತ್ತದೆ.

ಮರುದಿನ ನಾಲ್ಕು ಸಿಲಿಂಡರುಗಳ ಒತ್ತಡವನ್ನೂ ಒಂದೊಂದಾಗಿ ಅಳೆದರು. ಮೂರು ಒಂದಕ್ಕೊಂದು ಸಮೀಪದಲ್ಲಿದ್ದುವು. ಮೂರನೆಯ ಸಿಲಿಂಡರಿನದು ಬಹಳ ಕೆಳಗಿತ್ತು. ಅದರೊಳಕ್ಕೆ ಒಂದು ಚಮಚ ಎಣ್ಣೆಯನ್ನು ಬಿಟ್ಟು ಮತ್ತೆ ಅಳೆದರೂ ಒತ್ತಡವೇರಲಿಲ್ಲ. ಎಣ್ಣೆಯಿಂದ ಏರಿದರೆ ದೋಷವು ಪಿಸ್ಟನ್ನಿನ ಉಂಗುರಗಳದು, ಏರದಿದ್ದರೆ ವಾಲ್ವಿನದು. ತಲೆಯನ್ನು ಬಿಚ್ಚಿದಾಗ ಹೊಗೆ ಹೊರಹೋಗುವ ವಾಲ್ವಿನ ಅಂಚು ಇಲಿ ಕಚ್ಚಿದಂತೆ ಸುಟ್ಟಿರುವುದು ಕಂಡಿತು. ಈ ಎಂಜಿನ್ನಿನಲ್ಲಿ ನಡುವಣ ಎರಡು ಸಿಲಿಂಡರುಗಳು ಒಂದೇ ಹೊಗೆದಾರಿಯನ್ನು ಹಂಚಿಕೊಳ್ಳುವುದರಿಂದ ಅಲ್ಲಿ ಶಾಖವು ಹೆಚ್ಚು. ಪೆಟ್ರೋಲಿನಲ್ಲಿ ಸೀಸವು ಇಲ್ಲವಾದ ಮೇಲೆ ಹಳೆಯ ಎಂಜಿನ್ನುಗಳ ವಾಲ್ವುಗಳು ತಮ್ಮ ಮೆತ್ತನೆಯ ಪೀಠಗಳನ್ನು ಸವೆಸಿ ಒಳಗಿಳಿಯುವುದೂ ಉಂಟು. ಆದುದರಿಂದ ತಲೆಯನ್ನು ಅಲ್ಲಿನ ಒಂದು ಕಾರ್ಯಾಗಾರಕ್ಕೆ ಕಳುಹಿಸಿ ಗಟ್ಟಿಯಾದ ಪೀಠಗಳನ್ನೂ ಹೊಸ ವಾಲ್ವುಗಳನ್ನೂ ಹಾಕಿಸಿದರು. ಹಳೆಯ ಕಾರ್ಬ್ಯುರೇಟರನ್ನು ಬೆಳಕಿಗೆ ಹಿಡಿದು ನೋಡಿದಾಗ, ಗಾಳಿಯ ಕದವನ್ನು ತಿರುಗಿಸುವ ಸರಳು ತನ್ನ ತೂತಿನಲ್ಲಿ ಲಟಲಟನೆ ಅಲ್ಲಾಡುತ್ತಿತ್ತು. ಅರುವತ್ತು ವರ್ಷಗಳ ಸವೆತ. ಆ ಸಂದಿನಿಂದ ಲೆಕ್ಕಕ್ಕೆ ಸಿಕ್ಕದ ಗಾಳಿಯು ನುಗ್ಗಿ ಬೆರಕೆಯನ್ನು ಎಷ್ಟೋ ವರ್ಷಗಳಿಂದ ತೆಳು ಮಾಡುತ್ತಿದ್ದಿರಬೇಕು. ವಾಲ್ವು ಸುಟ್ಟುದಕ್ಕೆ ಅದೂ ಒಂದು ಕಾರಣವೆಂದೇ ನಮ್ಮ ಊಹೆ. ಅದಕ್ಕೂ ಹೊಸ ಸರಳು, ಹೊಸ ಬುಷ್ಷುಗಳು ಬಂದುವು.

ಅಕ್ಕನವರ ಆಜ್ಞೆಯಂತೆ ಮೊದಲು ಹಳೆಯ ಕಾರ್ಬ್ಯುರೇಟರನ್ನೇ ಹಾಕಿ ಓಡಿಸಿದರು. ಅದೇ ಹೆದ್ದಾರಿ, ಅದೇ ಏರು, ಬಂಡಿಯಲ್ಲಿ ಅಕ್ಕ, ಭಾವ, ಸೋದರಳಿಯ, ನಾವು. ಏರಿನ ತುದಿ ತಲುಪಿದಾಗ ಮುಳ್ಳು ೫೧ರಲ್ಲಿತ್ತು. ಯಾರೂ ಮಾತನಾಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಭಾವನವರು ಜೇಬಿನಿಂದ ಜಾಹೀರಾತಿನ ಕಾಗದವನ್ನು ತೆಗೆದು ನಾಲ್ಕಾಗಿ ಹರಿದು ಮತ್ತೆ ಜೇಬಿನಲ್ಲಿಯೇ ಇಟ್ಟುಕೊಂಡರು.

ಮುಂದಿನ ವಾರ, ಹುಡುಗನ ಮನಸ್ಸಿಗೆ ಅನ್ಯಾಯವಾಗಬಾರದೆಂದು, ದೊಡ್ಡದನ್ನೂ ತಕ್ಕ ಸೂಜಿಯೊಡನೆ ಹಾಕಿ ಅದೇ ದಾರಿಯಲ್ಲಿ ಓಡಿಸಿದೆವು. ಗೆಲುವು ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಊರೊಳಗೆ ಯಾವ ಭೇದವೂ ತೋರಲಿಲ್ಲ; ಆದರೆ ಎಂಜಿನ್ನು ನಾಲ್ಕು ಸಾವಿರ ಸುತ್ತುಗಳನ್ನು ದಾಟಿದ ಮೇಲೆ ಉಸಿರು ಬಿಗಿಹಿಡಿಯದೆ ಇನ್ನೂ ಸ್ವಲ್ಪ ಎಳೆಯುತ್ತಿತ್ತು. ಏರಿನ ತುದಿಯಲ್ಲಿ ೫೩. ಅಕ್ಕನವರು ಪೆಟ್ರೋಲಿನ ಲೆಕ್ಕವನ್ನು ಹಾಲಿನ ಲೆಕ್ಕದಂತೆಯೇ ಪುಸ್ತಕದಲ್ಲಿ ಬರೆದಿಡುವವರು. ಗ್ಯಾಲನ್ನಿಗೆ ಎರಡು ಮೈಲಿ ಕಡಿಮೆಯಾಯಿತೆಂದು ಅವರ ಪುಸ್ತಕವು ಹೇಳಿತು. ಎರಡು ಮೈಲಿ ಕೊಟ್ಟು ಎರಡು ಮೈಲಿ ತೆಗೆದುಕೊಂಡಂತಾಯಿತೆಂದು ಭಾವನವರು ನಕ್ಕರು.

ದೊಡ್ಡ ಕಾರ್ಬ್ಯುರೇಟರು ನಿಷ್ಪ್ರಯೋಜಕವೆಂದು ಯಾರೂ ಭಾವಿಸಕೂಡದು. ೧,೦೯೮ರ ಎಂಜಿನ್ನುಳ್ಳ ಮೈನರಿಗೆ ಅದು ಇನ್ನೂ ಚೆನ್ನಾಗಿ ಒಪ್ಪೀತು. ೧,೨೭೫ರ ಎಂಜಿನ್ನಿಗೆ ಕಾರ್ಖಾನೆಯವರೇ ಒಪ್ಪಿಸಿದ್ದರು. ೯೪೮ರಲ್ಲಿಯೂ ದೊಡ್ಡ ವಾಲ್ವಿನ ತಲೆಯನ್ನೂ ಸಲೀಸಾದ ಹೊಗೆಕೊಳವೆಯನ್ನೂ ಹಾಕಿಸಿದವರಿಗೆ ಒಂದೂಕಾಲು ಅಂಗುಲದ ಕಂಠವು ಸಾಲದೆ ಬರುವುದುಂಟು. ಎಸ್.ಯು.ವಿನ ಒಂದು ಗುಣವೆಂದರೆ, ಕಂಠವು ತುಸು ದೊಡ್ಡದಾದರೂ ಗಾಳಿಪಿಸ್ಟನ್ನು ತಾನಾಗಿ ತಗ್ಗಿ ಗಾಳಿಯ ರಭಸವನ್ನು ಕಾಪಾಡಿಕೊಳ್ಳುವುದು. ಕಂಠದ ಅಳತೆ ಬದಲಾಗದ ಸೋಲೆಕ್ಸ್, ಜೆನಿತ್ ಮೊದಲಾದವುಗಳಲ್ಲಿ ಇಂತಹ ಕ್ಷಮೆಯಿಲ್ಲ. ಅವುಗಳಲ್ಲಿ ಅಳತೆ ಮೀರಿದರೆ ಕಡಿಮೆ ವೇಗದಲ್ಲಿ ಗಾಳಿಯು ಮಂದವಾಗಿ ಪೆಟ್ರೋಲು ಸರಿಯಾಗಿ ಏಳುವುದೇ ಇಲ್ಲ.

ಇಷ್ಟಾದರೂ ಅಕ್ಕನವರು ಹಳೆಯದನ್ನೇ ಮತ್ತೆ ಹಾಕಿಸಿದರು. ಅವರು ಕೊಟ್ಟ ಕಾರಣವು ನಮಗೆ ಬಹಳ ಹಿಡಿಸಿತು. ೧೯೬೨ರಲ್ಲಿ ಕಾರ್ಖಾನೆಯವರು ಮೈನರಿನ ಬಲವನ್ನು ೩೭ರಿಂದ ೪೮ ಅಶ್ವಶಕ್ತಿಗೆ ಏರಿಸಿದಾಗ ಎಂಜಿನ್ನೊಂದನ್ನೇ ಬದಲಿಸಿ ಸುಮ್ಮನಾಗಲಿಲ್ಲ. ಮುಂದಿನ ಗಾಲಿಗಳ ಬ್ರೇಕು ಡ್ರಮ್ಮುಗಳನ್ನೂ ಏಳು ಅಂಗುಲದಿಂದ ಎಂಟು ಅಂಗುಲಕ್ಕೆ ಹಿಗ್ಗಿಸಿದರು. ಅಕ್ಕನವರ ಬಂಡಿಯಲ್ಲಿರುವುವು ಏಳು ಅಂಗುಲದವೇ. "ಮೊದಲು ನಿಲ್ಲಿಸುವುದನ್ನು ಸರಿಮಾಡು, ಆಮೇಲೆ ಓಡಿಸುವುದನ್ನು ನೋಡೋಣ. ವಿಮೆಯವರಿಗೂ ಬರೆದು ತಿಳಿಸು, ಆಮೇಲೆ ಅವರು ತಕರಾರು ತೆಗೆಯಬಾರದು" ಎಂದು ಮಗನಿಗೆ ಹೇಳಿದರು. ಆ ದೇಶದಲ್ಲಿ ಬಂಡಿಯ ಯಂತ್ರವನ್ನು ಬದಲಿಸಿದರೆ ವಿಮೆಯ ಕಂಪನಿಗೆ ಮೊದಲೇ ತಿಳಿಸುವುದು ಮಾಲೀಕರ ಕರ್ತವ್ಯ.

ನಾವು ಊರಿಗೆ ಹಿಂದಿರುಗುವ ಮೊದಲು ಎಲ್ಲರೂ ಮೈನರಿನಲ್ಲಿಯೇ ಮಗಳ ಮನೆಗೆ ಹೋಗಿಬಂದೆವು. ದೊಡ್ಡ ಕಾರ್ಬ್ಯುರೇಟರು ಈಗ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಎಣ್ಣೆಬಟ್ಟೆ ಸುತ್ತಿಕೊಂಡು, ತನ್ನ ಸೂಜಿಯೊಡನೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿದೆ. ಸೋದರಳಿಯನು ಎಂಟು ಅಂಗುಲದ ಡ್ರಮ್ಮುಗಳನ್ನು ಹುಡುಕುತ್ತಿದ್ದಾನೆ. ಎಡಗಡೆಯದು ಸಿಕ್ಕಿದೆಯೆಂದು ಕಳೆದ ವಾರ ಬರೆದಿದ್ದಾನೆ.